ಎಲ್ಲಿದೆ, ತೋರಿಸು: ಸಾಹಿತ್ಯದ ಉತ್ತರಕ್ಕೆ ಪ್ಯಾರಾದ ಮೊದಲ ವಾಕ್ಯ

(ಶಿರಸಿಯಲ್ಲಿ ಪಿಯು, ಡಿಗ್ರಿ ವಿದ್ಯಾರ್ಥಿಗಳು ಮತ್ತು ಅವರ ಕೆಲವು ಮೇಷ್ಟ್ರು ಕೂತಿದ್ದ ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಮಾತಿನ ಧಾಟಿ ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಂದರ್ಭ ಸಹಿತ ವಿವರಿಸಿ ಅನ್ನುವ ಪ್ರಶ್ನೆ ನಿಮಗೆಲ್ಲ ಗೊತ್ತಲ್ಲ? ಹೈಸ್ಕೂಲಿನಿಂದ ಬರೆಯುತ್ತಾ ಬಂದಿದ್ದೀರಿ. ಆಯ್ಕೆ, ಸಂದರ್ಭ, ಸ್ವಾರಸ್ಯ. "ಈ ವಾಕ್ಯವನ್ನು ಇಂಥ ಕವಿ ವಿರಚಿತ ಇಂಥ ಕೃತಿಯಿಂದ ಆಯ್ದುಕೊಳ್ಳಲಾಗಿದೆ" ಅಂತ ಕಣ್ಣು ಮುಚ್ಚಿ ಬರೆಯಬಹುದು. ಅದು ತಪ್ಪೇನಲ್ಲ. ಆ ಪ್ರಶ್ನೆಗೆ ಅದೇ ಬೇಕು. ತೊಂದರೆ ಎಲ್ಲಿ ಅಂದರೆ, ಈ ವಾಕ್ಯ ನಮ್ಮ ಕೈಯಲ್ಲಿ ಎಷ್ಟು ಕೂತುಬಿಡುತ್ತದೆ ಅಂದರೆ, ಮುಂದೆ ಡಿಗ್ರಿಯಲ್ಲಿ ನಾಲ್ಕು ಪುಟದ ವಿಮರ್ಶೆ ಬರೆಯಿರಿ ಅಂದಾಗಲೂ ಪ್ರತಿ ಪ್ಯಾರಾದ ಬಾಗಿಲಲ್ಲಿ ಅದೇ ಬಂದು ನಿಲ್ಲುತ್ತದೆ. ಕವಿ ಯಾರು, ಊರು ಯಾವುದು, ಪ್ರಶಸ್ತಿ ಯಾವುದು. ಸ್ವಾರಸ್ಯ ಅನ್ನುವ ಮೂರನೇ ಭಾಗ ಇದೆಯಲ್ಲ, ಎರಡು ಸಾಲು ಗೀಚಿ ಮುಗಿಸುವ ಭಾಗ, ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ. ಆ ಎರಡು ಸಾಲು ಉತ್ತರದ ಕೊನೆಯಲ್ಲಿ ಅಲ್ಲ, ಪ್ಯಾರಾದ ತಲೆಯಲ್ಲಿ ಇರಬೇಕು ಅನ್ನುವುದು ನನ್ನ ವಾದ.

ಇಂಗ್ಲಿಷ್ ಕ್ಲಾಸಿನಲ್ಲಿ ಇದಕ್ಕೆ ಟಾಪಿಕ್ ಸೆಂಟೆನ್ಸ್ ಅಂತಾರೆ. ನಾನು ಮುಖ್ಯ ವಾಕ್ಯ ಅಂತ ಕರೆಯುತ್ತೇನೆ. ಒಂದು ಪ್ಯಾರಾ ಏನನ್ನು ಸಾಧಿಸಲು ಹೊರಟಿದೆ ಅಂತ ಹೇಳುವ ವಾಕ್ಯ. ಅಷ್ಟೇ.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಹಾಡು, ಮಾತಿನಲ್ಲೇ ನಡೆಯುವ ಯಕ್ಷಗಾನ, ಕೂತು ಕೇಳಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಸುಮಾರು ಕೈ ಎದ್ದಿವೆ. ಭಾಗವತರು ಒಂದು ಪದ, ಅಂದರೆ ಹಾಡು, ಹೇಳುತ್ತಾರೆ. ಆಮೇಲೆ ಅರ್ಥಧಾರಿ ಅದಕ್ಕೆ ಅರ್ಥ ಹೇಳುತ್ತಾನೆ. ಹತ್ತು ನಿಮಿಷ ಹೇಳಲಿ, ಅರ್ಧ ಗಂಟೆ ಹೇಳಲಿ, ಎದುರಾಳಿಯನ್ನು ಕೆಣಕಲಿ, ಪುರಾಣದಿಂದ ಇನ್ನೊಂದು ಕತೆ ತರಲಿ, ಎಲ್ಲ ಸರಿ. ಆದರೆ ಪದ ಬಿಟ್ಟು ಹೋದ ಅಂತ ಗೊತ್ತಾದ ತಕ್ಷಣ ಮುಂದಿನ ಸಾಲಿನಲ್ಲಿ ಕವಳ (ಎಲೆ ಅಡಿಕೆ) ಹಾಕಿಕೊಂಡು ಕೂತ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮುಖ್ಯ ವಾಕ್ಯ ಅಂದರೆ ಪದ. ಪ್ಯಾರಾ ಅಂದರೆ ಅರ್ಥ. ಬರೆಯುವಾಗ ಎರಡೂ ನೀವೇ, ಅದೇ ಕಷ್ಟ. ಪದವನ್ನೂ ನೀವೇ ಕಟ್ಟಬೇಕು. ಪದ ಜೊಳ್ಳಾಗಿದ್ದರೆ ಅರ್ಥಕ್ಕೆ ಏನು ಉಳಿಯಿತು?

ಈಗ ಬೋರ್ಡಿಗೆ ಹೋಗೋಣ. ಎಲ್ಲರಿಗೂ ಬಾಯಿಗೆ ಬರುವ ಒಂದು ಹಾಡು ತಗೊಳ್ಳುತ್ತೇನೆ. ಗೋವಿನ ಹಾಡು. ಧರಣಿ ಮಂಡಲ ಮಧ್ಯದೊಳಗೆ ಅಂತ ಶುರುವಾಗುವುದು. ಜನಪದ ಹಾಡು, ಪಾಠಾಂತರಗಳು ಜಾಸ್ತಿ, ನಾನು ಶಾಲೆಯಲ್ಲಿ ಎಲ್ಲರೂ ಕಲಿತ ಪಾಠವನ್ನೇ ಇಟ್ಟುಕೊಳ್ಳುತ್ತೇನೆ. ಕರುವಿನ ಭಾಗದ ಮೇಲೆ ಒಂದು ಪ್ಯಾರಾ ಬರೆಯಬೇಕು. ಮೊದಲ ವಾಕ್ಯ ಏನು?

ನೀವು ಕೊಟ್ಟ ಮೊದಲ ಉತ್ತರ: "ಗೋವಿನ ಹಾಡು ಒಂದು ಜನಪ್ರಿಯ ಜನಪದ ಕಥನಗೀತೆಯಾಗಿದೆ." ನಿಜ. ಆದರೆ ಇದನ್ನು ಓದಿದವರು "ಹೌದು, ಆಮೇಲೆ?" ಅಂತಾರೆ ಅಷ್ಟೇ. ಇದಕ್ಕೆ ಸಾಕ್ಷಿ ಯಾರೂ ಕೇಳುವುದಿಲ್ಲ. ಸಾಕ್ಷಿ ಬೇಡದ ವಾಕ್ಯಕ್ಕೆ ಪ್ಯಾರಾ ಯಾಕೆ ಬೇಕು?

ಎರಡನೆಯದು: "ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಬಂದು ಕರುವಿಗೆ ಹಾಲುಣಿಸುತ್ತಾಳೆ." ಇದು ಕತೆ. ಕತೆಯಿಂದ ಶುರು ಮಾಡಿದರೆ ಏನಾಗುತ್ತದೆ ಗೊತ್ತಾ? ಮುಂದಿನ ವಾಕ್ಯವೂ ಕತೆಯೇ ಆಗುತ್ತದೆ. ಅದರ ಮುಂದಿನದೂ. ಒಂದು ಪುಟ ಮುಗಿದಾಗ ನೀವು ಹಾಡನ್ನು ಗದ್ಯದಲ್ಲಿ ಇನ್ನೊಮ್ಮೆ ಬರೆದಿರುತ್ತೀರಿ. ಹಾಡೇ ಅದಕ್ಕಿಂತ ಚಂದ ಇತ್ತು, ಅಲ್ವಾ?

ಮೂರನೆಯದು ಬಹಳ ಜನ ಹೇಳಿದ್ದು: "ಗೋವಿನ ಹಾಡು ಸತ್ಯದ ಮಹತ್ವವನ್ನು ಸಾರುತ್ತದೆ." ಇದು ಮೋಸದ ವಾಕ್ಯ, ಯಾಕೆಂದರೆ ನೋಡಲು ಅಭಿಪ್ರಾಯದ ಹಾಗೇ ಇದೆ. ಆದರೆ ಹಾಡು ಓದದವನೂ ಇದನ್ನು ಬರೆಯಬಹುದು. ಹರಿಶ್ಚಂದ್ರನ ಕತೆಗೂ ಇದೇ ವಾಕ್ಯ ಅಂಟಿಸಬಹುದು. ಒಂದು ಕೃತಿಯಿಂದ ಕಿತ್ತು ಇನ್ನೊಂದಕ್ಕೆ ಹಚ್ಚಿದರೂ ನಿಲ್ಲುವ ವಾಕ್ಯ ಯಾವ ಕೃತಿಯ ಬಗ್ಗೆಯೂ ಅಲ್ಲ.

ಹಾಗಾದರೆ ಏನು ಮಾಡಬೇಕು? ವಾಕ್ಯದ ಬಗ್ಗೆ ಯೋಚಿಸುವುದನ್ನು ಬಿಟ್ಟು ಹಾಡಿಗೆ ವಾಪಸ್ ಹೋಗಬೇಕು. ಕರು ಏನು ಹೇಳುತ್ತದೆ ಅಂತ ನೋಡಬೇಕು.

"ಆರ ಮೊಲೆಯನು ಕುಡಿಯಲಮ್ಮ, ಆರ ಸೇರಿ ಬದುಕಲಮ್ಮ, ಆರ ಬಳಿಯಲಿ ಮಲಗಲಮ್ಮ, ಆರು ನನಗೆ ಹಿತವರು."

ನಾಲ್ಕು ಪ್ರಶ್ನೆ. ಊಟ, ಬದುಕು, ನಿದ್ದೆ, ಕೊನೆಗೆ ಪ್ರೀತಿ. ಮಗುವಿಗೆ ಬೇಕಾದದ್ದೆಲ್ಲ ಬಂತು. ಈಗ ತಾಯಿ ಏನು ಉತ್ತರ ಕೊಡುತ್ತಾಳೆ ನೋಡಿ. ಕೊಡುವುದೇ ಇಲ್ಲ! ಅವಳು ಕರುವಿನಿಂದ ಮುಖ ತಿರುಗಿಸಿ ದೊಡ್ಡಿಯ ಬೇರೆ ಹಸುಗಳಿಗೆ ಹೇಳುತ್ತಾಳೆ. "ಅಮ್ಮಗಳಿರಾ, ಅಕ್ಕಗಳಿರಾ, ಎನ್ನ ತಾಯೊಡಹುಟ್ಟುಗಳಿರಾ." ಏನು ಕೇಳಿಕೊಳ್ಳುತ್ತಾಳೆ? ಹಾಲು ಕೊಡಿ ಅನ್ನುತ್ತಾಳಾ? ಇಲ್ಲ. "ಮುಂದೆ ಬಂದರೆ ಹಾಯದಿರಿ, ಹಿಂದೆ ಬಂದರೆ ಒದೆಯದಿರಿ." ಹಾಯಬೇಡಿ, ಒದೆಯಬೇಡಿ. ನಿಮ್ಮ ಕಂದ ಅಂತ ನೋಡಿ ಅನ್ನುವ ಮಾತೂ ಇದೆ, ಆದರೆ ಬಿಡಿಸಿ ಕೇಳಿದ್ದು ಇಷ್ಟನ್ನೇ. ಕೊಟ್ಟಿಗೆಯಲ್ಲಿ ದನ ಸಾಕಿದ ಮನೆಯವರಿಗೆ ಈ ಸಾಲು ಬೇರೆ ಥರ ಕೇಳಿಸುತ್ತದೆ. ತಾಯಿ ಇಲ್ಲದ ಕರು ಬೇರೆ ಹಸುವಿನ ಹತ್ತಿರ ಹೋದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ಆಮೇಲೆ ಕರುವಿನ ಕಡೆ ತಿರುಗಿ, "ತಬ್ಬಲಿಯು ನೀನಾದೆ ಮಗನೆ." ಆಗುತ್ತೀಯ ಅಲ್ಲ, ಆದೆ. ತಾಯಿ ಇನ್ನೂ ಎದುರಿಗೇ ನಿಂತಿದ್ದಾಳೆ, ಕರು ಆಗಲೇ ತಬ್ಬಲಿ.

ಇಷ್ಟು ನೋಡಿದ ಮೇಲೆ ವಾಕ್ಯ ತಾನಾಗಿ ಬರುತ್ತದೆ. ಮೊದಲು ಹೀಗೆ ಬರೆಯೋಣ: "ತಾಯಿಯ ಸತ್ಯಕ್ಕೆ ಬೆಲೆ ತೆರುವುದು ಕರು." ಪರವಾಗಿಲ್ಲ, ಜೀವ ಬಂತು. ಈಗ ಯಾರಾದರೂ "ಹೌದಾ? ಎಲ್ಲಿದೆ, ತೋರಿಸು" ಅನ್ನುತ್ತಾರೆ. ಇನ್ನೂ ಸ್ವಲ್ಪ ಬಿಗಿ ಮಾಡೋಣ: "ತಾಯಿಯ ಸತ್ಯಕ್ಕೆ ಕರು ತೆರುವ ಬೆಲೆಯನ್ನು ಹಾಡು ಮುಚ್ಚಿಡುವುದಿಲ್ಲ; ಕರುವಿನ ಕೊನೆಯ ಪ್ರಶ್ನೆಗಳಿಗೆ ಪುಣ್ಯಕೋಟಿಯ ಹತ್ತಿರ ಉತ್ತರವಿಲ್ಲ."

ಈ ವಾಕ್ಯ ಏನೇನು ಮಾಡಿತು ನೋಡಿ. ಹಾಡಿನ ಯಾವ ಜಾಗ ಅಂತ ಹೇಳಿತು. ಒಂದು ಅಭಿಪ್ರಾಯ ಹೇಳಿತು. ಎಲ್ಲರೂ ಒಪ್ಪಲೇಬೇಕು ಅಂತೇನಿಲ್ಲದ ಅಭಿಪ್ರಾಯ. ಮತ್ತೆ, ಮುಂದೆ ಯಾವ ಸಾಲುಗಳನ್ನು ತರಬೇಕು ಅಂತ ಬರೆಯುವವರಿಗೇ ಹೇಳಿಕೊಟ್ಟಿತು. ನಾಲ್ಕು ಪ್ರಶ್ನೆ, ಹಾಯದಿರಿ ಒದೆಯದಿರಿ, ತಬ್ಬಲಿಯು ನೀನಾದೆ. ಇವು ಮೂರು ಒಳಗೆ ಬರುತ್ತವೆ. ಕಾಳಿಂಗ ಗೊಲ್ಲ ಬರುವುದಿಲ್ಲ, ಹಾಡಿನ ಛಂದಸ್ಸು ಬರುವುದಿಲ್ಲ. ಅವು ಮುಖ್ಯ ಅಲ್ಲ ಅಂತಲ್ಲ, ಈ ಪ್ಯಾರಾಕ್ಕೆ ಬೇಡ.

ಅದಕ್ಕೇ ನಾನು ಒಂದೇ ಒಂದು ಪರೀಕ್ಷೆ ಹೇಳುವುದು. ವಾಕ್ಯ ಬರೆದ ಮೇಲೆ, ಅದೇ ಹಾಡನ್ನು ಓದಿದ ಒಬ್ಬ ಗೆಳೆಯನನ್ನು ಎದುರಿಗೆ ಕೂರಿಸಿಕೊಳ್ಳಿ, ನಿಜಕ್ಕೂ ಇಲ್ಲದಿದ್ದರೆ ಮನಸ್ಸಿನಲ್ಲಿ. ಅವನು "ಅದು ಎಲ್ಲರಿಗೂ ಗೊತ್ತು" ಅಂದರೆ ವಾಕ್ಯ ಹೊಡೆದುಹಾಕಿ. "ಸುಮ್ನೆ ಏನೋ ಹೇಳ್ತೀಯ" ಅಂದರೆ ಹಾಡಿಗೆ ವಾಪಸ್ ಹೋಗಿ. "ಹೌದಾ? ಎಲ್ಲಿದೆ, ತೋರಿಸು" ಅಂದರೆ ಇಟ್ಟುಕೊಳ್ಳಿ.

ನಡುವೆ ಒಂದು ಮಾತು. ಮಾಹಿತಿ ಬೇಡ ಅಂತ ನಾನು ಹೇಳುತ್ತಿಲ್ಲ. ಕಾರವಾರದ ಕಡೆಯ ಮಕ್ಕಳು ಟಾಗೋರರ ಬಗ್ಗೆ ಬರೆಯುವಾಗ, ಅವರು 1880ರ ದಶಕದ ಆರಂಭದಲ್ಲಿ ಕಾರವಾರದಲ್ಲಿ ಅಣ್ಣನ ಮನೆಯಲ್ಲಿ ಇದ್ದರು, ಅಣ್ಣ ಸತ್ಯೇಂದ್ರನಾಥ ಅಲ್ಲಿ ನ್ಯಾಯಾಧೀಶರಾಗಿದ್ದರು, ಅಲ್ಲೇ ಒಂದು ನಾಟಕ ಬರೆದರು ಅಂತ ಹೆಮ್ಮೆಯಿಂದ ಶುರು ಮಾಡುತ್ತಾರೆ. ಹೆಮ್ಮೆ ಸರಿ. ನನಗೂ ಇದೆ. ಆದರೆ ಅದು ಪ್ಯಾರಾದ ಹೊಟ್ಟೆಯಲ್ಲಿ ಇರಬೇಕಾದ ವಿಷಯ. ಆ ಕಡಲು, ಆ ನದಿ ನಾಟಕದ ಒಳಗೆ ಏನು ಮಾಡಿವೆ ಅಂತ ನಿಮಗೆ ಅನ್ನಿಸಿದರೆ ಅದು ಮುಖ್ಯ ವಾಕ್ಯ, ಕಾರವಾರದ ವಾಸ ಅದಕ್ಕೆ ಆಸರೆ. ತಾಳಮದ್ದಳೆಯಲ್ಲಿ ಪೀಠಿಕೆ ಚಂದ. ಉತ್ತರ ಪತ್ರಿಕೆಯಲ್ಲಿ ಪೀಠಿಕೆ ಕೇಳಲು ಯಾರೂ ಕವಳ ಹಾಕಿಕೊಂಡು ಕೂತಿರುವುದಿಲ್ಲ.

ಇನ್ನು ನಮ್ಮ ಮನೆ ಬಾಗಿಲಿನ ಪದ್ಯಕ್ಕೆ ಬರೋಣ. ಬನವಾಸಿ ನಮ್ಮದೇ ತಾಲೂಕು. ಪಂಪ 10ನೇ ಶತಮಾನದವನು. ವಿಕ್ರಮಾರ್ಜುನ ವಿಜಯದ ಆ ಪದ್ಯ ನಿಮಗೆ ಗೊತ್ತು, ಗೊತ್ತಿಲ್ಲದಿದ್ದರೂ ಕೊನೆಯ ಸಾಲು ಗೋಡೆ ಮೇಲೆ, ಆಮಂತ್ರಣ ಪತ್ರಿಕೆ ಮೇಲೆ ನೋಡಿರುತ್ತೀರಿ. "ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ."

ಇದರ ಬಗ್ಗೆ ಬರೆಯಿರಿ ಅಂದರೆ ನೂರಕ್ಕೆ ತೊಂಬತ್ತು ಜನ ಬರೆಯುವ ವಾಕ್ಯ: "ಈ ಪದ್ಯದಲ್ಲಿ ಪಂಪನು ಬನವಾಸಿಯ ಸೌಂದರ್ಯವನ್ನು ಅತ್ಯಂತ ಮನೋಹರವಾಗಿ ವರ್ಣಿಸಿದ್ದಾನೆ." ತೊಂಬತ್ತು ಅಂದಿದ್ದು ನನ್ನ ಅಂದಾಜು, ಯಾರೂ ಎಣಿಸಿಲ್ಲ, ಆದರೆ ಇಲ್ಲಿರುವ ಮೇಷ್ಟ್ರು ತಲೆ ಆಡಿಸುತ್ತಿದ್ದಾರೆ. ಈಗ ನಮ್ಮ ಪರೀಕ್ಷೆ ಮಾಡಿ. ಎಲ್ಲಿದೆ, ತೋರಿಸು. ಬನವಾಸಿಯ ವರ್ಣನೆ ಈ ಪದ್ಯದಲ್ಲಿ ಎಲ್ಲಿದೆ?

ತೆಂಕಣ ಗಾಳಿ ಸೋಕಿದರೂ. ಒಳ್ಳೆಯ ಮಾತು ಕೇಳಿದರೂ. ಇಂಪಾದ ಹಾಡು ಕಿವಿಗೆ ಬಿದ್ದರೂ. ಬಿರಿದ ಮಲ್ಲಿಗೆ ಕಂಡರೂ. ವಸಂತದ ಹಬ್ಬ ಬಂದರೂ. ಇವೆಲ್ಲ ಬನವಾಸಿಯಲ್ಲಿ ಇವೆ ಅಂತ ಪದ್ಯ ಹೇಳುತ್ತಿಲ್ಲ. ಇವು ಎಲ್ಲಿ ಎದುರಾದರೂ ಬನವಾಸಿ ನೆನಪಾಗುತ್ತದೆ ಅನ್ನುತ್ತಿದೆ. ಊರಿನ ಒಂದು ಬೀದಿ ಇಲ್ಲ, ಗುಡಿ ಇಲ್ಲ, ಹೊಳೆ ಇಲ್ಲ. ಊರಿನ ಹೆಸರು ಬರುವುದೇ ಕಟ್ಟಕಡೆಯಲ್ಲಿ. ಅಲ್ಲಿಗೆ ತೊಂಬತ್ತು ಜನರ ವಾಕ್ಯ ಬಿತ್ತು.

ಇನ್ನೂ ಹತ್ತಿರ ಹೋಗಿ. ಗಾಳಿ, ಮಾತು, ಹಾಡು, ಹೂವು. ಎಲ್ಲ ಮೆತ್ತಗಿನವು. ಇದ್ದಕ್ಕಿದ್ದ ಹಾಗೆ ಕೊನೆಯಲ್ಲಿ ಅಂಕುಶ. ಕಬ್ಬಿಣ. ಆನೆಯ ನೆತ್ತಿಗೆ ತಿವಿಯುವುದು. ವಿಚಿತ್ರ ಅಂದರೆ ಪದ್ಯದಲ್ಲಿ ಆನೆ ಅನ್ನುವ ಪದವೇ ಇಲ್ಲ. ಅಂಕುಶ ಮಾತ್ರ ಇದೆ, ಆನೆಯನ್ನು ನಾವು ತಂದುಕೊಳ್ಳುತ್ತೇವೆ, ಮತ್ತು ಆ ಆನೆ ಅಂದರೆ ಮನಸ್ಸು ಅಂತ ಅರ್ಥವಾದಾಗ ಇಲ್ಲಿಯವರೆಗೆ ತಣ್ಣಗಿದ್ದ ಪದ್ಯ ಒಮ್ಮೆಲೇ ಮೈ ಕೊಡವಿಕೊಂಡು ಎದ್ದ ಹಾಗಾಗುತ್ತದೆ.

ನನ್ನ ವಾಕ್ಯ: "ಈ ಪದ್ಯ ಬನವಾಸಿಯನ್ನು ವರ್ಣಿಸುವ ಗೋಜಿಗೇ ಹೋಗದೆ, ಮೆಲುಗಾಳಿಗೂ ಎಚ್ಚರಾಗಿ ಅಂಕುಶಕ್ಕೂ ಬಗ್ಗದ ನೆನಪನ್ನು ವರ್ಣಿಸುತ್ತದೆ." ಇದೇ ಸರಿ ಅಂತಿಲ್ಲ. ನಿಮಗೆ ವಸಂತದ ಹಬ್ಬ ಮುಖ್ಯ ಅನ್ನಿಸಬಹುದು. "ಏನನೆಂಬೆಂ" ಅಂತ ನಡುವೆ ಒಂದು ಕೈಚೆಲ್ಲುವ ಮಾತು ಇದೆ, ಅದರ ಮೇಲೆ ಒಂದು ಪ್ಯಾರಾ ಕಟ್ಟಬಹುದು. ಒಂದು ಎಚ್ಚರಿಕೆ ಮಾತ್ರ. ಅರ್ಜುನ ತೀರ್ಥಯಾತ್ರೆಯಲ್ಲಿ ಬನವಾಸಿಗೆ ಬರುವ ಸಂದರ್ಭದ ಪದ್ಯ ಇದು. "ಎನ್ನ ಮನಂ" ಅಂದಿರುವುದು ಪಂಪನೇ ಅಂತ ನಾವೆಲ್ಲ ಓದಿಕೊಳ್ಳುತ್ತೇವೆ, ನಾನೂ ಹಾಗೇ ಓದುತ್ತೇನೆ, ಆದರೆ ಮುಖ್ಯ ವಾಕ್ಯದಲ್ಲಿ "ಪಂಪನು ತನ್ನ ಬಾಲ್ಯದ ಊರನ್ನು ನೆನೆದು ಕಣ್ಣೀರಿಟ್ಟನು" ಅಂತ ಬರೆದರೆ ತೋರಿಸು ಅಂದಾಗ ಕೈಯಲ್ಲಿ ಏನೂ ಇರುವುದಿಲ್ಲ.

ಈಗ ಕನ್ನಡದಲ್ಲಿ ಬರೆಯುವವರಿಗೆ ಇರುವ ಒಂದು ಕಾಟದ ಬಗ್ಗೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುತ್ತದೆ. ಓದುವವರು ಅಲ್ಲಿಯ ತನಕ ಕಾಯುತ್ತಾರೆ. ಕಾದು ಕಾದು ಕೊನೆಗೆ ಸಿಗುವುದು "ಚಿತ್ರಿಸಲಾಗಿದೆ." ಅಥವಾ "ಕಂಡುಬರುತ್ತದೆ." ಅಥವಾ, ಇದು ನನಗೆ ಅತಿ ಸಿಟ್ಟು ಬರಿಸುವುದು, "ಕಾಣಬಹುದಾಗಿದೆ." ಯಾರು ಕಾಣಬಹುದು? ಕಂಡರೋ ಇಲ್ಲವೋ? ಇಂಥ ಪದ ಹಾಕಿದರೆ ವಾಕ್ಯ ಗಂಭೀರ ಆಯಿತು ಅಂತ ನಮಗೆ ಭ್ರಮೆ. ಕೃತಿ ಏನೋ ಒಂದನ್ನು ಮಾಡುತ್ತದೆ ಅಂತ ಯೋಚಿಸಿ ನೋಡಿ. ಮುಚ್ಚಿಡುತ್ತದೆ, ಅಣಕಿಸುತ್ತದೆ, ಅನುಮಾನಿಸುತ್ತದೆ, ಮುಂದಕ್ಕೆ ಹಾಕುತ್ತದೆ, ಒಪ್ಪಿದ ಹಾಗೆ ಮಾಡಿ ತಿರುಗಿಬೀಳುತ್ತದೆ. ಇಂಥ ಒಂದು ಕ್ರಿಯಾಪದ ಸಿಕ್ಕಿತು ಅಂದರೆ ಅರ್ಧ ಕೆಲಸ ಮುಗಿಯಿತು. "ಹಾಡಿನಲ್ಲಿ ಕರುವಿನ ದುಃಖ ಚಿತ್ರಿತವಾಗಿದೆ" ಅನ್ನುವುದಕ್ಕೂ "ಕರುವಿನ ದುಃಖವನ್ನು ಹಾಡು ಮುಚ್ಚಿಡುವುದಿಲ್ಲ" ಅನ್ನುವುದಕ್ಕೂ ವ್ಯತ್ಯಾಸ ಇದೆಯೋ ಇಲ್ಲವೋ ನೀವೇ ಹೇಳಿ.

ವಿಶೇಷಣಗಳದ್ದೂ ಅದೇ ಕತೆ. ಅತ್ಯಂತ ಮನೋಜ್ಞ, ಹೃದಯಸ್ಪರ್ಶಿ, ಅದ್ಭುತ. ಇವನ್ನು ಹೊಡೆದುಹಾಕಿ, ಮುಂದೆ ಹೋಗೋಣ.

ಸಭೆಯಲ್ಲಿ ಒಂದು ಅಭ್ಯಾಸ ಮಾಡಿಸಿದೆ. ಅದು ಹೇಗಾಯಿತು ಅಂತ ಬರೆಯಲೇಬೇಕು. ಬಸವಣ್ಣನವರ ವಚನ ಕೊಟ್ಟೆ. "ಉಳ್ಳವರು ಶಿವಾಲಯ ಮಾಡುವರು, ನಾನೇನ ಮಾಡಲಿ ಬಡವನಯ್ಯಾ. ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಲಶವಯ್ಯಾ. ಕೂಡಲಸಂಗಮದೇವಾ ಕೇಳಯ್ಯಾ, ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ." ಒಂದೇ ವಾಕ್ಯ ಬರೆಯಿರಿ ಅಂದೆ.

ಜಾಸ್ತಿ ಬಂದಿದ್ದು "ಬಸವಣ್ಣನವರು ಕಾಯಕಕ್ಕೆ ಮಹತ್ವ ನೀಡಿದರು." ಸರಿ, ಕಾಯಕ ಈ ವಚನದಲ್ಲಿ ಎಲ್ಲಿದೆ? ಇಲ್ಲ. ಬಸವಣ್ಣ ಅಂದ ತಕ್ಷಣ ಕಾಯಕ, ದಾಸೋಹ, ಸಮಾನತೆ ಅಂತ ಮೂರು ಪದ ತಾವಾಗಿ ಬೀಳುತ್ತವೆ. ಇದು ವಿದ್ಯಾರ್ಥಿಗಳ ತಪ್ಪಲ್ಲ, ನಾವು ಮೇಷ್ಟ್ರು ಹಾಗೆ ಹೇಳಿಕೊಟ್ಟಿದ್ದೇವೆ. ಆಮೇಲೆ ಒಬ್ಬ ತಮ್ಮ, "ಬಡವರು ದೇವಸ್ಥಾನ ಕಟ್ಟಲು ಆಗುವುದಿಲ್ಲ ಎಂದು ಬೇಸರಪಡುತ್ತಾರೆ" ಅಂದ. ಮೊದಲ ಸಾಲಿಗೆ ಸರಿ. ಆದರೆ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಬೇಸರ ಎಲ್ಲಿ ಉಳಿದಿದೆ? ಉಳ್ಳವರು ಕಟ್ಟಿದ್ದೇ ಅಳಿಯುತ್ತದೆ ಅನ್ನುವ ಮಾತು ಅದು.

ಹಿಂದಿನ ಸಾಲಿನಲ್ಲಿ ಕೂತ ಒಬ್ಬಳು ಕುಮಟಾ ಕಡೆಯಿಂದ ಘಟ್ಟ ಹತ್ತಿ ಬಂದವಳು, ಇಷ್ಟೊತ್ತು ಸುಮ್ಮನಿದ್ದಳು. "ಸರ್, ಕಾಲೇ ಕಂಬ ಅಂದಿದ್ದಾರೆ. ಆದ್ರೆ ಕಂಬ ನಡೆಯೋದಿಲ್ಲ, ಕಾಲು ನಡೀತದೆ" ಅಂದಳು. ನಾನು ಒಂದು ಗಳಿಗೆ ಏನೂ ಹೇಳಲಿಲ್ಲ. ಎಷ್ಟು ಸಲ ಪಾಠ ಮಾಡಿದ ವಚನ ಅದು! ಸ್ಥಾವರ ಅಂದರೆ ನಿಂತದ್ದು, ಜಂಗಮ ಅಂದರೆ ಚಲಿಸುವಂಥದ್ದು ಅಂತ ಕೊನೆಯ ಸಾಲಿಗೆ ಟಿಪ್ಪಣಿ ಕೊಡುತ್ತೇವೆ. ಆ ಚಲನೆ ಎರಡನೇ ಸಾಲಿನ ಕಾಲಿನಲ್ಲೇ ಶುರುವಾಗಿದೆ ಅಂತ ಅವಳು ಕಂಡಳು. ಅದನ್ನು ವಾಕ್ಯ ಮಾಡು ಅಂದೆ. ಎರಡು ಮೂರು ಸಲ ಹೊಡೆದು ಬರೆದಳು. ಕೊನೆಗೆ ನಿಂತದ್ದು: "ದೇಹವನ್ನು ದೇಗುಲ ಎಂದು ಕರೆಯುವಾಗಲೇ ವಚನವು ದೇಗುಲಕ್ಕೆ ಇಲ್ಲದ ನಡಿಗೆಯನ್ನು ಒಳಗೆ ತಂದು, ಕೊನೆಯ ಸಾಲಿಗೆ ದಾರಿ ಮಾಡುತ್ತದೆ." ಇದಕ್ಕೆ ಅರ್ಧ ಪುಟ ಬರೆಯುವುದು ಕಷ್ಟವೇ ಅಲ್ಲ. ಎಲ್ಲಿದೆ ಅಂದರೆ ಬೆರಳಿಟ್ಟು ತೋರಿಸಬಹುದು.

ಒಂದು ಪ್ಯಾರಾ ಆಯಿತು. ಎರಡನೇ ಪ್ಯಾರಾಕ್ಕೆ ಹೋಗುವುದು ಹೇಗೆ? "ಇನ್ನು ಮುಂದೆ ಹುಲಿಯ ಪಾತ್ರವನ್ನು ನೋಡೋಣ" ಅಂತ ಬರೆಯಬೇಡಿ. ಅದು ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟ್. ಹಿಂದಿನ ಪ್ಯಾರಾ ಎಲ್ಲಿ ಬಿಟ್ಟಿತೋ ಅಲ್ಲಿಂದ ಎಳೆ ಹಿಡಿಯಿರಿ. ಗೋವಿನ ಹಾಡಿನಲ್ಲಿ ನಾವು ಎಲ್ಲಿ ಬಿಟ್ಟೆವು? ತಾಯಿ ಬೇರೆ ಹಸುಗಳನ್ನು ಒಡಹುಟ್ಟುಗಳಿರಾ ಅಂತ ಕರೆದಳು. ನಾವು ಓದಿದ ಪಾಠದಲ್ಲಿ ಅವು ಒಂದು ಮಾತೂ ಆಡುವುದಿಲ್ಲ. ಈಗ ಹಾಡಿನ ಕೊನೆಗೆ ಹೋಗಿ. ಹುಲಿ ಏನು ಅನ್ನುತ್ತದೆ? "ಎನ್ನ ಒಡಹುಟ್ಟಕ್ಕ ನೀನು." ಹಾಗಾದರೆ ಎರಡನೇ ಪ್ಯಾರಾದ ಮುಖ್ಯ ವಾಕ್ಯ: "ದೊಡ್ಡಿಯ ಹಸುಗಳಿಂದ ಬಾರದ ಉತ್ತರ ಕೊನೆಗೆ ಹುಲಿಯಿಂದ ಬರುತ್ತದೆ, ಮತ್ತು ಈ ಹಾಡಿನಲ್ಲಿ ಬದಲಾಗುವುದು ಹುಲಿ ಒಂದೇ." ಹಿಂದಿನ ಪ್ಯಾರಾದ ಒಂದು ಪದ ಇದರೊಳಗೆ ಬಂತು, ಮುಂದಿನ ವಾದವೂ ಬಂತು. ಪುಣ್ಯಕೋಟಿ ಮೊದಲಿಂದ 'ಸತ್ಯವಾಕ್ಯಕೆ ತಪ್ಪಿ ನಡೆದರೆ ಮೆಚ್ಚನಾ ಪರಮಾತ್ಮನು' ಅನ್ನುವವಳು, ಕೊನೆಗೂ ಅವಳು ಅದೇ. ಹುಲಿ ಹಾಗಲ್ಲ. ಹಸಿದು, ಅನುಮಾನಪಟ್ಟು ಶುರುವಾದದ್ದು, ಕೊನೆಯಲ್ಲಿ 'ಕೊಂದು ತಿಂದರೆ ಮೆಚ್ಚನಾ ಪರಮಾತ್ಮನು' ಅನ್ನುತ್ತದೆ. ಅವಳ ಸಾಲನ್ನೇ ಹುಲಿ ಹೇಳುತ್ತಿದೆ! ಇದಕ್ಕಿಂತ ಒಳ್ಳೆ ಸಾಕ್ಷಿ ಇನ್ನೇನು ಬೇಕು?

ಇಡೀ ಪ್ರಬಂಧ ಬರೆದ ಮೇಲೆ ಮುಖ್ಯ ವಾಕ್ಯಗಳನ್ನು ಮಾತ್ರ ಒಂದರ ಕೆಳಗೆ ಒಂದು ಬೇರೆ ಹಾಳೆಗೆ ಇಳಿಸಿ ಓದಿ. ವಾದ ಅಷ್ಟರಲ್ಲೇ ನಡೆದುಕೊಂಡು ಹೋಗಬೇಕು. ಎರಡು ವಾಕ್ಯ ಅದಲು ಬದಲು ಮಾಡಿದರೂ ಏನೂ ಅನ್ನಿಸದಿದ್ದರೆ, ನಿಮ್ಮದು ಪ್ರಬಂಧ ಅಲ್ಲ, ಪಟ್ಟಿ.

ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಮೇಷ್ಟ್ರು ಕೇಳಿದರು, ದೊಡ್ಡ ಲೇಖಕರು ಯಾರೂ ಹೀಗೆ ಪ್ರತಿ ಪ್ಯಾರಾದ ಮೊದಲಲ್ಲೇ ಮುಖ್ಯ ವಾಕ್ಯ ಇಟ್ಟು ಬರೆಯುವುದಿಲ್ಲವಲ್ಲ ಅಂತ. ನಿಜ. ಈ ನಿಯಮ ಅಷ್ಟೇನೂ ಹಳೆಯದಲ್ಲ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ 1866ರಲ್ಲಿ ಬರೆದ ಪುಸ್ತಕದಲ್ಲಿ ಪ್ಯಾರಾಕ್ಕೆ ನಿಯಮಗಳನ್ನು ಹಾಕಿದ, ಮೊದಲ ವಾಕ್ಯ ವಿಷಯ ಹೇಳಬೇಕು ಅನ್ನುವುದು ಅದರಲ್ಲಿ ಒಂದು. ನಮ್ಮ ತಾಳೆಗರಿಗಳಲ್ಲಿ ಪ್ಯಾರಾನೇ ಇರಲಿಲ್ಲ, ಸಾಲು ಬಿಡದೆ ಬರೆದುಕೊಂಡು ಹೋಗುತ್ತಿದ್ದರು. ಅಮೆರಿಕದ ರಿಚರ್ಡ್ ಬ್ರ್ಯಾಡಕ್ ಅನ್ನುವ ಪ್ರಾಧ್ಯಾಪಕರು 1974ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಳ್ಳೊಳ್ಳೆ ಪತ್ರಿಕೆಗಳಲ್ಲಿ ಬಂದ ಪ್ರಬಂಧಗಳನ್ನು ಇಟ್ಟುಕೊಂಡು ಪ್ಯಾರಾಗಳನ್ನು ಎಣಿಸಿದಾಗ, ಮುಖ್ಯ ವಾಕ್ಯದಿಂದಲೇ ಶುರುವಾದವು ಶೇ. 13 ಮಾತ್ರ. ಹಾಗಾಗಿ ಇದು ಬರವಣಿಗೆಯ ಧರ್ಮ ಅಂತ ನಾನು ಹೇಳುವುದಿಲ್ಲ. ಎರಡನೇ ವಾಕ್ಯದಲ್ಲಿ ಇರಬಹುದು, ಕೊನೆಯಲ್ಲಿ ಇರಬಹುದು, ಕೆಲವೊಮ್ಮೆ ಬರೆಯದೇ ಇರಬಹುದು. ಆದರೆ ಬರೆಯುವವರ ತಲೆಯಲ್ಲಿ ಇರಲೇಬೇಕು. ಕಲಿಯುವಾಗ ಮೊದಲಲ್ಲಿ ಇಡಿ, ತಲೆಯಲ್ಲಿ ಇದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ.

ಪರೀಕ್ಷೆಯಲ್ಲಿ ಇಷ್ಟೆಲ್ಲ ಯೋಚಿಸಲು ಟೈಮ್ ಎಲ್ಲಿದೆ ಅಂತ ಒಬ್ಬ ಕೇಳಿದ. ಇಲ್ಲ, ಒಪ್ಪಿದೆ. ಅದಕ್ಕೆ ಒಂದು ಉಪಾಯ: ಮೊದಲು ವಾಕ್ಯ ಹುಡುಕಬೇಡಿ, ನಿಮಗೆ ನೆನಪಿರುವ ಎರಡು ಸಾಲು ಹುಡುಕಿ. ಕವಿತೆಯ ಸಾಲು, ಕತೆಯ ಒಂದು ಮಾತು, ಏನಾದರೂ. ಅವೆರಡನ್ನೂ ಇಟ್ಟುಕೊಂಡು ಏನು ಹೇಳಬಹುದು ಅಂತ ಹಾಳೆಯ ಕೊನೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆಯಿರಿ. ಅದೇ ನಿಮ್ಮ ಮುಖ್ಯ ವಾಕ್ಯ. ಕವಿ ಪರಿಚಯಕ್ಕೆ ಮಾರ್ಕು ಇದ್ದರೆ ಅದನ್ನು ಬೇರೆ ಪ್ಯಾರಾ ಮಾಡಿ ಬರೆದು ಕೈ ತೊಳೆದುಕೊಳ್ಳಿ.

ಕೊನೆಗೆ ಒಬ್ಬ ಎದ್ದು ನಿಂತು, "ಸರ್, ನೀವು ಹುಲಿ ಬದಲಾಯಿತು ಅಂದ್ರಿ. ಅದು ಬದಲಾಗಲಿಲ್ಲ, ಸತ್ತೇ ಹೋಯ್ತಲ್ಲ" ಅಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ಅವನ ಮಾತಿನಲ್ಲಿ ಹುರುಳಿತ್ತು. ಬದಲಾದ ಹುಲಿ ಕಾಡಿಗೆ ವಾಪಸ್ ಹೋಗಬಹುದಿತ್ತು. ಯಾಕೆ ಸಾಯಬೇಕು? ನನ್ನ ವಾಕ್ಯವನ್ನು ಅಳಿಸಿ, ನೀನು ಬರಿ ಅಂತ ಚಾಕ್‌ಪೀಸ್ ಕೊಟ್ಟೆ. ಅವನು ಬರೆದ: "ಹಸುವನ್ನು ಅಕ್ಕ ಎಂದು ಕರೆದ ಮೇಲೆ ಹುಲಿಗೆ ಹುಲಿಯಾಗಿ ಬದುಕುವ ದಾರಿ ಉಳಿಯುವುದಿಲ್ಲ."

ಎಲ್ಲಿದೆ, ತೋರಿಸು ಅಂದೆ. "ನಿನ್ನ ಕೊಂದು ಏನ ಪಡೆವೆನು" ಅನ್ನುವ ಸಾಲನ್ನು ಅದರ ಕೆಳಗೆ ಬರೆದು, ಹೋಗಿ ಕೂತ.